ಗಾಲಿ ನೋಡಬೇಡಿ, ಗೇಟು ನೋಡಿ

ಗೋದಾಮಿನ ಅಂಗಳಕ್ಕೆ ಬೆಳಕು ಇನ್ನೂ ಸರಿಯಾಗಿ ಇಳಿದಿಲ್ಲ. ಐವರು ಹೆಂಗಸರು ಸೈಕಲ್ ಮೇಲೆ ಕೂತು ನಡೆಯುತ್ತಿದ್ದಾರೆ. ಅಚ್ಚಿನ ತಪ್ಪಲ್ಲ, ನಡೆಯುತ್ತಲೇ ಇದ್ದಾರೆ. ಸೈಕಲ್‌ಗಳಿಗೆ ಪೆಡಲ್ ಇಲ್ಲ. ಬಿಚ್ಚಿ ಒಂದು ಬಕೆಟ್ಟಿಗೆ ಹಾಕಿಟ್ಟಿದೆ. ಎರಡೂ ಪಾದ ನೆಲಕ್ಕೆ ಪೂರ್ತಿ ಊರುವಷ್ಟು ಸೀಟು ತಗ್ಗಿಸಿದೆ. ಒಬ್ಬರು ನೆಲವನ್ನು ಮೆಲ್ಲಗೆ ಒದ್ದು, ಕಾಲೆತ್ತಿ, ಒಂದೆರಡು ಮಾರು ತೇಲಿಕೊಂಡು ಹೋಗಿ, "ಅಯ್ಯಯ್ಯೋ" ಎಂದು ಮತ್ತೆ ಕಾಲೂರುತ್ತಾರೆ. ಇವರಲ್ಲಿ ಯಾರೂ ಎಳೆಯ ಹುಡುಗಿಯರಲ್ಲ. ಮೊಮ್ಮಕ್ಕಳನ್ನು ಎತ್ತಿ ಆಡಿಸಿದವರೂ ಇದ್ದಾರೆ.

ನಡುವೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕಾಲು ಚಾಚಿ ಕೂತು ಕೂಗುತ್ತಿರುವವರು ಸೈಕಲ್ ಅಕ್ಕ. ಇವರನ್ನು ಎಲೆಮರೆಯ ಕಾಯಿ ಎಂದು ಕರೆಯುವುದು ಕಷ್ಟವೇ; ಇವರ ದನಿ ಮೂರು ಬೀದಿಗೆ ಕೇಳುತ್ತದೆ.

"ಗಾಲಿ ನೋಡ್ಬೇಡ್ರೀ! ಗೇಟು ನೋಡಿ, ಗೇಟು! ಕಣ್ಣು ಎಲ್ಲಿ ಹೋಗತ್ತೋ ಸೈಕಲ್ ಅಲ್ಲಿಗೇ ಹೋಗತ್ತೆ."

ದೊಡ್ಡವರಾದ ಮೇಲೆ ಕಲಿಯುವವರೆಲ್ಲ ಮಾಡುವ ತಪ್ಪು ಇದೊಂದೇ ಅಂತೆ. ಸೈಕಲ್ ಏರಿದ ಕೂಡಲೇ ಕಣ್ಣು ಮುಂದಿನ ಗಾಲಿಗೆ ಅಂಟಿಕೊಳ್ಳುತ್ತದೆ. ಮಕ್ಕಳು ಹಾಗೆ ಮಾಡುವುದಿಲ್ಲ. "ಮಕ್ಕಳಿಗೆ ಬಿದ್ರೆ ಎದ್ರಾಯ್ತು. ಇವರಿಗೆ ಹಾಗಲ್ಲ. ನಾನು ಬಿದ್ರೆ ಮಧ್ಯಾಹ್ನ ಅಡುಗೆ ಯಾರು ಮಾಡ್ತಾರೆ, ಆಫೀಸಿಗೆ ಏನು ಹೇಳ್ಲಿ, ಇದೇ ತಲೇಲಿ. ಬೀಳೋಕೂ ಪುರುಸೊತ್ತಿಲ್ಲ ನೋಡಿ," ಎಂದು ಅಕ್ಕ ನಗುತ್ತಾರೆ.

ಅಕ್ಕ ಮೂಲತಃ ಸೈಕಲ್ ಮೇಲೆ ಪೇಪರ್ ಹಾಕುತ್ತಿದ್ದವರು. ಗಂಡನದು ಸೈಕಲ್ ರಿಪೇರಿ ಅಂಗಡಿ. ಒಂದು ಬೆಳಗ್ಗೆ ಪೇಪರ್ ಹಾಕಲು ಹೋದಾಗ ಒಂದು ಮನೆಯ ಹೆಂಗಸು ಗೇಟಿನ ಬಳಿ ಕಾದು ನಿಂತು, "ನಂಗೂ ಕಲಿಸಿ, ಮನೇಲಿ ಯಾರಿಗೂ ಹೇಳ್ಬೇಡಿ" ಎಂದರಂತೆ. ಅಲ್ಲಿಂದ ಶುರು. ಆಗ ಎಲ್ಲರೂ ಅಕ್ಕ ಎನ್ನುತ್ತಿದ್ದರು. ಆಮೇಲೆ ಆಂಟಿ ಆದರು. ಈಚೆಗೆ ಒಬ್ಬಳು ಸೈಕಲ್ ಅಜ್ಜಿ ಎಂದಳಂತೆ. ಅವಳಿಗೆ ಆ ದಿನ ಎರಡು ಸುತ್ತು ಹೆಚ್ಚು ಹೊಡೆಸಿದ್ದಾರೆ.

ಯಾವ ವಯಸ್ಸಿನವರು ಹೇಗೆ ಕಲಿಯುತ್ತಾರೆ ಎಂದು ಕೇಳಿದರೆ ಅಕ್ಕನಿಗೆ ಉತ್ಸಾಹ ಬರುತ್ತದೆ. "ಹೊಸದಾಗಿ ಕೆಲಸ ಸಿಕ್ಕೋರು ಬೆಂಕಿ ಬಿದ್ದ ಹಾಗೆ ಬರ್ತಾರೆ, ಸೋಮವಾರದೊಳಗೆ ಸೈಕಲ್ ಬರ್ಬೇಕು ಅವರಿಗೆ. ಮಕ್ಕಳನ್ನ ಸ್ಕೂಲಿಗೆ ಸೇರಿಸಿದೋರು ಗಡಿಯಾರ ನೋಡ್ಕೊಂಡೇ ತುಳೀತಾರೆ. ರಿಟೈರ್ ಆದೋರು ಇದಾರಲ್ಲ, ಅವರು ಮೊದಲು ಒಂದು ವಾರ ಬರೀ ನಿಂತು ನೋಡ್ತಾರೆ. ಹತ್ತಿದ ಮೇಲೆ ಮಾತ್ರ ಇಳಿಸೋಕಾಗಲ್ಲ!"

ಮೊದಲೆಲ್ಲ ಇಲ್ಲಿ ಪೆಡಲ್ ಬಿಚ್ಚುವ ಪದ್ಧತಿ ಇರಲಿಲ್ಲ. ಅಕ್ಕ ಕ್ಯಾರಿಯರ್ ಹಿಡಿದು ಹಿಂದೆ ಹಿಂದೆ ಓಡುತ್ತಿದ್ದರು. "ಹಿಡ್ಕೊಂಡಿದೀರಾ?" ಎಂದು ಮುಂದಿನವರು ಕಿರುಚಿದಾಗಲೆಲ್ಲ "ಹಿಡ್ಕೊಂಡಿದೀನಿ, ತುಳೀರಿ!" ಎನ್ನುತ್ತಿದ್ದರು. ಹಾಗೆಂದಾಗ ಬಹುಪಾಲು ಹಿಡಿದಿರುತ್ತಿರಲಿಲ್ಲ. "ಜೀವನದಲ್ಲಿ ನಾನು ಹೇಳಿದ ಸುಳ್ಳು ಇದೊಂದೇ, ಆದ್ರೆ ದಿನಾ ಹೇಳಿದೀನಿ."

ಹಾಗೆ ಓಡಿದ ಮಂಡಿಗಳು ಕಳೆದ ವರ್ಷ ಮುಷ್ಕರ ಹೂಡಿದವು. ಮೆಟ್ಟಿಲು ಇಳಿಯುವಾಗ ಅಕ್ಕ ಗೋಡೆ ಹಿಡಿಯುವುದನ್ನು ಮೊದಲು ಕಂಡವರು ಅವರ ಬೀಗಿತ್ತಿ, ಅಂದರೆ ಮಗಳ ಅತ್ತೆ. ಈಕೆ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದು ನಿವೃತ್ತರಾದವರು. ಡಾಕ್ಟರುಗಳೂ ಇವರ ಮುಂದೆ ಬೂಟು ಸದ್ದಾಗದಂತೆ ನಡೆಯುತ್ತಿದ್ದರಂತೆ. ಮಕ್ಕಳ ಮದುವೆಯ ಹೊತ್ತಿನಲ್ಲಿ "ಹುಡುಗಿಯ ತಾಯಿ ಸೈಕಲ್ ಹಿಂದೆ ಓಡ್ತಾರಂತೆ" ಎಂದು ಮೂಗು ಮುರಿದಿದ್ದವರೂ ಇವರೇ.

ಅವರು ಮಂಡಿ ಒತ್ತಿ ನೋಡಿದರು. "ಇನ್ನು ಓಡೋದು ಬಂದ್. ಓಡಿದ್ರೆ ಕೋಲು ಹಿಡೀಬೇಕಾಗತ್ತೆ" ಎಂದರು. ಅಕ್ಕ ಆ ದಿನ ಊಟ ಬಿಟ್ಟರು. ಓಡದೆ ಕಲಿಸುವುದು ಹೇಗೆ? ಪೆಡಲ್ ಬಿಚ್ಚಿ ಕಲಿಸಬಹುದು ಎಂದು ಗಂಡ ಹೇಳಿದರು. ಅಕ್ಕನಿಗೆ ನಂಬಿಕೆಯಿಲ್ಲ. ಹಿಂದೆ ಒಂದು ಕೈ ಇಲ್ಲದಿದ್ದರೆ ದೊಡ್ಡವರಿಗೆ ಧೈರ್ಯ ಬರುವುದಿಲ್ಲ ಎಂಬುದು ಅವರ ವಾದ. ಕೆಲಸವನ್ನೇ ಬಿಟ್ಟುಬಿಡುತ್ತೇನೆ ಎಂದು ಕೂತರು. ಆಗ ಬೀಗಿತ್ತಿ ಯಾರೂ ಎಣಿಸದ ಮಾತಾಡಿದರು.

"ನನ್ನ ಮೇಲೆ ಪ್ರಯೋಗ ಮಾಡಿ ಬೀಗ್ರೇ. ಅರವತ್ತು ದಾಟಿದೆ, ಮೈ ಬಗ್ಗಲ್ಲ, ಹೆದರಿಕೆ ಬೇರೆ. ನಂಗೆ ಬಂತು ಅಂದ್ರೆ ಯಾರಿಗಾದ್ರೂ ಬರತ್ತೆ. ಬರಲಿಲ್ವಾ, ಇಬ್ರೂ ಮನೇಲಿ ಕೂರೋಣ."

ಈ ಬೆಳಗ್ಗೆ ನಾನು ಅಂಗಳದಲ್ಲಿ ಕಂಡ ಐವರಲ್ಲಿ ಬೀಗಿತ್ತಿಯೂ ಒಬ್ಬರು; ಈಗ ಅವರ ಸೈಕಲ್‌ಗೆ ಪೆಡಲ್ ಮತ್ತೆ ಕೂತಿದೆ. ಇಂದೇ ಪರೀಕ್ಷೆ. ಉಳಿದ ನಾಲ್ವರು ಹೆಂಗಸರೂ ಗೋಡೆಗೆ ಒರಗಿ ನಿಂತಿದ್ದಾರೆ. ಅಕ್ಕನ ಮುಖದಲ್ಲಿ ನಗುವಿಲ್ಲ. ಸ್ಟೂಲಿನಿಂದ ಅರ್ಧ ಏಳುತ್ತಾರೆ, ಕೈ ತಾನಾಗಿಯೇ ಕ್ಯಾರಿಯರ್ ಕಡೆ ಚಾಚುತ್ತದೆ.

"ಕೂತ್ಕೊಳ್ಳಿ ಬೀಗ್ರೇ! ಎದ್ರೆ ನಾನು ಇಳಿದು ಮನೆಗೆ ಹೋಗ್ತೀನಿ."

ಅಕ್ಕ ಕೂರುತ್ತಾರೆ. ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂರುತ್ತಾರೆ. ಬೀಗಿತ್ತಿ ಬಲಗಾಲು ಒತ್ತುತ್ತಾರೆ. ಸೈಕಲ್ ಎಡಕ್ಕೆ ವಾಲುತ್ತದೆ, ಬಲಕ್ಕೆ ವಾಲುತ್ತದೆ. "ಗಾಲಿ ನೋಡ್ಬೇಡಿ! ಗೇಟು ನೋಡಿ!" ಬೀಗಿತ್ತಿ ತಲೆಯೆತ್ತಿ ಗೇಟನ್ನೇ ನೋಡುತ್ತಾರೆ. ಸೈಕಲ್ ನೆಟ್ಟಗಾಗುತ್ತದೆ.

ಅದೇ ಹೊತ್ತಿಗೆ ಕಾವಲುಗಾರ ದಿನದ ಮೊದಲ ಲಾರಿಗೆಂದು ಗೇಟು ತೆರೆದಿಡುತ್ತಾನೆ. ಬೀಗಿತ್ತಿಯ ಕಣ್ಣು ಗೇಟಿನ ಮೇಲಿದೆ, ಸೈಕಲ್ ಅಲ್ಲಿಗೇ ಹೋಗುತ್ತದೆ, ಗೇಟು ದಾಟುತ್ತದೆ, ರಸ್ತೆಗೆ ಇಳಿಯುತ್ತದೆ, ಕಾಣೆಯಾಗುತ್ತದೆ.

"ಅಯ್ಯೋ, ತಿರುಗಿಸೋದು ಹೇಳಿಕೊಟ್ಟಿಲ್ವಲ್ಲೋ!" ಎಂದು ಅಕ್ಕ ಎದ್ದೇ ಬಿಡುತ್ತಾರೆ. ತಿರುವು ನಾಳೆಯ ಪಾಠ. ಎಲ್ಲರೂ ಗೇಟಿನ ಕಡೆ ನುಗ್ಗುತ್ತೇವೆ, ಅಕ್ಕ ಸ್ಟೂಲನ್ನೇ ಊರುಗೋಲು ಮಾಡಿಕೊಂಡು ಹಿಂದೆ. ನಾವು ಗೇಟು ಮುಟ್ಟುವಷ್ಟರಲ್ಲಿ ರಸ್ತೆಯ ಕೊನೆಯಿಂದ ಬೆಲ್ಲಿನ ಸದ್ದು ಕೇಳುತ್ತದೆ. ದಾರಿಯಲ್ಲಿ ಯಾರೂ ಇಲ್ಲದಿದ್ದರೂ ಬೆಲ್ಲು ಒತ್ತಿದ ಹೆಬ್ಬೆರಳು ಎತ್ತದೆ ಬೀಗಿತ್ತಿ ವಾಪಸು ಬರುತ್ತಿದ್ದಾರೆ.

"ತಿರುಗಿಸೋಕೆ ಬರಲ್ವಲ್ಲ, ಕೊನೇಲಿ ಬ್ರೇಕ್ ಹಾಕಿ ಇಳಿದೆ. ಸೈಕಲ್ಲನ್ನ ಕೈಯಲ್ಲೇ ತಿರುಗಿಸಿದೆ. ಹತ್ತಿದೆ, ಬಂದೆ," ಎನ್ನುತ್ತಾರೆ, ರೋಗಿಯ ಜ್ವರ ಎಷ್ಟಿದೆಯೆಂದು ಹೇಳುವ ದನಿಯಲ್ಲಿ. ಆಮೇಲೆ ತಡೆಯಲಾರದೆ ಹುಡುಗಿಯಂತೆ ನಗುತ್ತಾರೆ. ಅಕ್ಕ ಅವರ ಹೆಗಲಿಗೆ ಮುಖ ಒರಗಿಸಿ ಅಳುತ್ತಾರೆ. ಯಾರ ಕೈಯೂ ಇಲ್ಲದೆ ಹತ್ತಿದ್ದೇ ಅಲ್ಲವೇ ದೊಡ್ಡ ಮಾತು! ಕೆಲಸ ಉಳಿಯಿತು.

ಫ್ಲಾಸ್ಕಿನ ಚಹಾ ಹಂಚುವಾಗ ಬೀಗಿತ್ತಿ ನನಗೆ ಹೇಳುತ್ತಾರೆ: "ಚಿಕ್ಕವಳಿದ್ದಾಗ ಅಪ್ಪನ ಸೈಕಲ್‌ನ ಮುಂದಿನ ಕಂಬಿ ಮೇಲೆ ಕೂರ್ತಿದ್ದೆ. ಆಗ ರಸ್ತೆ ಕಾಣ್ತಿತ್ತು. ಮದುವೆಯಾದ್ಮೇಲೆ ಯಜಮಾನ್ರ ಸ್ಕೂಟರ್ ಹಿಂದೆ, ಈಗ ಮಗನ ಕಾರಿನ ಹಿಂದೆ. ಬರೀ ಬೆನ್ನು ನೋಡಿದ್ದೇ ಬಂತು. ಇವತ್ತು ಮತ್ತೆ ರಸ್ತೆ ಕಂಡೆ."

ಇಂಥ ಲೇಖನಗಳಲ್ಲಿ ಕೊನೆಗೆ ಕೇಳಲೇಬೇಕಾದ ಪ್ರಶ್ನೆಯನ್ನು ಅಕ್ಕನಿಗೆ ಕೇಳುತ್ತೇನೆ: ನಿಮ್ಮ ಆಸೆ ಏನು?

"ಆಸೆ ಏನು ಬಂತು," ಎಂದು ಚಹಾ ಆರಿಸುತ್ತಾರೆ. "ಇಷ್ಟು ವರ್ಷ ಕ್ಯಾರಿಯರ್ ಹಿಡ್ಕೊಂಡು ಓಡಿದ್ದೇ ಓಡಿದ್ದು. ಅದರ ಮೇಲೆ ಒಂದಿನಾನೂ ಕೂತಿಲ್ಲ. ಯಾರಾದ್ರೂ ನನ್ನ ಕೂರಿಸ್ಕೊಂಡು ಒಂದು ಸುತ್ತು ಹಾಕಿದ್ರೆ ಸಾಕು."

ಬೀಗಿತ್ತಿ ತಕ್ಷಣ ಕ್ಯಾರಿಯರ್ ತಟ್ಟುತ್ತಾರೆ. "ಕೂತ್ಕೊಳ್ಳಿ."

"ಇನ್ನೊಂದು ತಿಂಗಳು ತಾಳಿ ಬೀಗ್ರೇ. ಮೊಮ್ಮಗಳ ಮದುವೆ ನೋಡ್ಬೇಕು ನಾನು."

ತಿಂಗಳ ನಂತರ ಫೋಟೋಗ್ರಾಫರ್ ಜೊತೆ ಮತ್ತೆ ಹೋಗುತ್ತೇನೆ. ಅಂಗಳದಲ್ಲಿ ಸ್ಟೂಲೂ ಇಲ್ಲ, ಅಕ್ಕನೂ ಇಲ್ಲ. ಪೆಡಲ್ ಇಲ್ಲದ ಸೈಕಲ್‌ಗಳ ಮೇಲೆ ಹೊಸ ಮುಖಗಳು ಗೇಟು ನೋಡುತ್ತಾ ಕೂತಿವೆ. ಆಗ ರಸ್ತೆಯ ಕಡೆಯಿಂದ ಅದೇ ಎಡೆಬಿಡದ ಬೆಲ್ಲು. ಬೀಗಿತ್ತಿ ಬೆನ್ನು ನೆಟ್ಟಗೆ ಮಾಡಿಕೊಂಡು ತುಳಿಯುತ್ತಾ, ಗೇಟಿನ ಬಳಿ ಚೆಂದಾಗಿ ತಿರುಗಿಸಿ ಒಳಗೆ ಬರುತ್ತಾರೆ. ಹಿಂದೆ ಕ್ಯಾರಿಯರ್ ಮೇಲೆ ಅಕ್ಕ, ತೊಡೆಯ ಮೇಲೆ ಪ್ಲಾಸ್ಟಿಕ್ ಸ್ಟೂಲು.

"ಬೀಗ್ರೇ, ಗಟ್ಟಿಯಾಗಿ ಹಿಡ್ಕೊಂಡಿದೀರಾ?" ಎಂದು ಬೀಗಿತ್ತಿ ಮುಂದೆ ನೋಡುತ್ತಲೇ ಕೂಗುತ್ತಾರೆ.

ಅಕ್ಕ ಎರಡೂ ಕೈ ಮೇಲೆತ್ತಿ ನಮ್ಮತ್ತ ಬೀಸುತ್ತಿದ್ದಾರೆ.

"ಹಿಡ್ಕೊಂಡಿದೀನಿ, ತುಳೀರಿ!"