ಬೆನ್ನ ಕೆಳಗಿನ ಬುರುಡೆ

ನೀರಿನ ಮೇಲೆ ಅಂಗಾತ ಮಲಗಿ, ಕಣ್ಣು ಮುಚ್ಚಿ ನಗುವವರನ್ನು ನಾನು ನಂಬುವುದಿಲ್ಲ. ಅವಳು ನನ್ನ ಮೊಮ್ಮಗಳೇ ಆದರೂ ಸರಿ.

ಕಸ್ತೂರಿಯ ಅಪ್ಪ ಬೆಳಗಾವಿಯಲ್ಲಿ ಮಿಲಿಟರಿಯವ. ಅಲ್ಲಿಯ ಕೊಳದಲ್ಲಿ ನಾಲ್ಕು ಬಗೆಯ ಈಜು ಕಲಿತೆನೆಂದು ಹೇಳುತ್ತಲೇ ಶಾಲೆಯ ಸೂಟಿಗೆ ಕೊಣ್ಣೂರಿಗೆ ಬಂದು ಇಳಿದಳು. ಹೊಳೆಗೆ ಬಿಡು ಎಂದು ಒಂದೇ ಹಟ. ನನಗೆ ಹಿಗ್ಗು ತಡೆಯಲಾಗಲಿಲ್ಲ, ಆದರೆ ನಂಬಿಕೆ ಹುಟ್ಟಲಿಲ್ಲ. ಪಲ್ಯ ನಾಲ್ಕು ಬಗೆ ಇರಲಿ, ಈಜಿಗೇಕೆ? ನನಗೆ ಗೊತ್ತಿರುವುದು ನಾಯಿ ಈಜು ಒಂದೇ: ಕತ್ತು ಮೇಲೆ, ಕೈಕಾಲು ಕೆಳಗೆ, ಕಣ್ಣು ದಡದ ಮೇಲೆ. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂತು. ನಾಯಿ ಮಾತ್ರ ಈಜು ಬದಲಿಸಲಿಲ್ಲ.

ನಮ್ಮ ಮನೆಯಲ್ಲಿ ಕಲಿಯುವವರ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಬಾವಿಗೆ ಇಳಿಸುತ್ತೇವೆ. ಅದನ್ನು ಬಿಚ್ಚುವ ಹಕ್ಕು ಮನೆಯ ಹಿರಿಯರದು. ಬಿಚ್ಚಿದ ಮೇಲೆಯೇ ಹೊಳೆ. ಈಗ ಹಿರಿಯಳು ನಾನು. ಬುರುಡೆಯನ್ನೇ ಕಟ್ಟಿಕೊಳ್ಳದೆ ಕಲಿತವಳಿಗೆ ನಾನು ಬಿಚ್ಚುವುದೇನನ್ನು?

“ಮೊದಲ ಬಾವ್ಯಾಗ ತೋರಸು,” ಎಂದೆ.

ಮುಖವನ್ನು ನೀರಿಗೆ ಅದ್ದಿ, ಒಂದಾದ ಮೇಲೊಂದು ಕೈ ಬೀಸುತ್ತ ಹೋದಳು. ಉಸಿರಿಗಷ್ಟೇ ಮುಖ ಹೊರಳಿಸುತ್ತಾಳೆ. ಮುಂದೇನಿದೆ ಎಂದು ನೋಡದೆ ಹೋಗುವುದು ಯಾವ ಜಾಣತನ? ಆಮೇಲೆ ಕೈ ಜೋಡಿಸಿ ಚಾಚಿ, ಅಗಲಿಸಿ, ಕಾಲು ಮಡಚಿ ಒದ್ದಳು. ಇದು ಕಪ್ಪೆಯದು, ಗುರುತಿನ ಪ್ರಾಣಿ, ಇರಲಿ. ಮೂರನೆಯದು ಚಿಟ್ಟೆಯಂತೆ. ಎರಡೂ ಕೈ ಒಟ್ಟಿಗೆ ಎತ್ತಿ ಬಡಿದಾಗ ಅರ್ಧ ಬಾವಿ ನನ್ನ ಸೀರೆಗೇ ಬಂತು. ಚಿಟ್ಟೆ ನೀರಿಗೆ ಬಿದ್ದರೆ ಏನಾಗುತ್ತದೆಂದು ಇವಳಿಗೆ ಕಲಿಸಿದವರು ನೋಡಿಲ್ಲ.

ಕೊನೆಗೆ ಅಂಗಾತ ಮಲಗಿ, ಕೈಗಳನ್ನು ತಲೆಯ ಹಿಂದಕ್ಕೆ ಬೀಸುತ್ತ ಹೋಗಿ, ನಡುಬಾವಿಯಲ್ಲಿ ಸುಮ್ಮನೆ ತೇಲಿದಳು. ಕಣ್ಣು ಮುಚ್ಚಿ, ನಗುತ್ತ! ನನ್ನ ಅನುಮಾನ ಖಾತ್ರಿಯಾಯಿತು. ಲಂಗದೊಳಗೆ ಬುರುಡೆ ಇದೆ.

ಕಚ್ಚೆ ಬಿಗಿದು ಧುಮುಕಿದೆ. ನಾಯಿಯಂತೆಯೇ ಹೋಗಿ ಅವಳ ಬೆನ್ನ ಕೆಳಗೆ ಕೈ ಆಡಿಸಿದೆ. ನೀರು. ಬರೀ ನೀರು.

“ಏನ ಹುಡುಕಾಕತ್ತಿ ಆಯಿ?”

“ಬುರುಡಿ ಎಲ್ಲಿ ಮುಚ್ಚಿಟ್ಟೀ, ಕಳ್ಳಿ?”

“ಕಚಗುಳಿ ಇಡಬ್ಯಾಡ, ಮುಳಗತೇನಿ!” ಎಂದವಳು ಮುಳುಗಿ, ನನ್ನ ಹಿಂದೆ ಎದ್ದು ನಕ್ಕಳು. ಆ ನಗು ಬಾವಿಯ ಕಲ್ಲಿಗೆಲ್ಲ ಬಡಿದು ಸುತ್ತಿ ಬಂತು. ಇಷ್ಟು ಸಂತೋಷವನ್ನು ನನ್ನ ಎದೆ ಹೇಗೆ ಹಿಡಿದುಕೊಂಡಿತೋ!

“ನಾಳಿ ಹೊಳಿಗೆ ಹೋಗೂನು ನಡಿ,” ಎಂದೆ.

ಮರುದಿನ ಹೊಳೆದಂಡೆಯಲ್ಲಿ ನಾನು ಬುರುಡೆಯನ್ನು ನನ್ನ ಬೆನ್ನಿಗೇ ಕಟ್ಟಿಕೊಂಡೆ.

“ನಿನಗ ಈಸ ಬರತೈತಲ್ಲಾ ಆಯಿ, ಬುರುಡಿ ಯಾಕ?”

ಅನುಮಾನ ನನ್ನದು; ಬುರುಡೆಯೂ ನನಗೇ ಇರಲಿ. ಬಿಚ್ಚುವ ಹೊತ್ತು ಬಂದಾಗ ಅವಳೇ ಬಿಚ್ಚಲಿ.