ಷಡ್ಡಕ, ಕೋಳಿತೊಡೆ ಮತ್ತು ನನ್ನ ಬೈಬಲ್ ವ್ಯಾಸಂಗ

ಕೋಳಿಗೆ ದೇವರು ಎರಡೇ ಕಾಲು ಕೊಟ್ಟದ್ದು ಸೃಷ್ಟಿಕಾರ್ಯದ ಗಡಿಬಿಡಿಯಲ್ಲಿ ಆದ ಲೋಪವಿರಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. ನಾಟಿಕೋಳಿ ಸಾರು ಬಡಿಸುವಾಗ ಪಾತ್ರೆಯೊಳಗೆ ಇಳಿದ ಸೌಟು ಯಾವ ತುಂಡನ್ನು ಹೊತ್ತು ಮೇಲೇಳುತ್ತದೆ, ಮೇಲೆದ್ದದ್ದು ಯಾರ ತಟ್ಟೆಯ ಕಡೆ ತಿರುಗುತ್ತದೆ ಎಂಬುದನ್ನು ಗಮನಿಸದೆ ತಣ್ಣಗೆ ಮುದ್ದೆ ಮುರಿಯುವ ಪುಣ್ಯಾತ್ಮರು ಈ ಪ್ರಬಂಧವನ್ನು ಇಲ್ಲಿಗೇ ಮಡಿಸಿಟ್ಟು ಬೇರೆ ಕೆಲಸ ನೋಡಿಕೊಳ್ಳಬಹುದು. ನಾನು ಗಮನಿಸುವವನು. ಮಧುಗಿರಿಯ ನಮ್ಮ ಮನೆಯಲ್ಲಿ ತಿಂಗಳಿಗೊಂದು ಭಾನುವಾರ ಕೋಳಿ ಕೊಯ್ಯುತ್ತೇವೆ. ಪಾವಗಡದಿಂದ ನನ್ನ ಷಡ್ಡಕ, ಎಂದರೆ ನನ್ನ ಹೆಂಡತಿ ಸುಗುಣಳ ತಂಗಿಯ ಗಂಡ ಪ್ರಭುದಾಸ, ಬರುವ ಭಾನುವಾರವೇ ಅದು. ಒಂದು ತೊಡೆ ಅವನ ತಟ್ಟೆಗೆ ಬೀಳುತ್ತದೆ. ಅವನು "ವದ್ದು, ವದ್ದು" ಎಂದು ತೆಲುಗಿನಲ್ಲಿ ಕೈ ಅಡ್ಡ ಹಿಡಿಯುತ್ತಾನೆ. ಆ ವಿನಯಕ್ಕೆ ಬಹುಮಾನವೆಂಬಂತೆ ಎರಡನೆಯದೂ ಬೀಳುತ್ತದೆ. ನನಗೆ ಕುತ್ತಿಗೆ. ಕುತ್ತಿಗೆಯಲ್ಲಿ ಚೀಪುವುದಕ್ಕೆ ಬಹಳ ಇದೆ ಎಂದು ನನಗೆ ಸಮಾಧಾನ ಹೇಳಿದವರೆಲ್ಲ ತೊಡೆ ತಿಂದು ಕೈತೊಳೆದವರೇ.

ಹೀಗೆ ಬಡಿಸಬೇಕೆಂದು ಆಜ್ಞಾಪಿಸುವವರು ನನ್ನ ಅತ್ತೆ. ಮಿಡಿಗೇಶಿಯ ಕಡೆ ಹುಟ್ಟಿ ಬೆಳೆದವರು, ಮಾವನವರು ತೀರಿಕೊಂಡ ಮೇಲೆ ನಮ್ಮ ಜೊತೆಯಲ್ಲೇ ಇದ್ದಾರೆ. ಅವರ ಮಾತ್ರೆ, ಅವರ ಬಿಸಿನೀರು, ಆಸ್ಪತ್ರೆಗೆ ಹೋಗುವ ಆಟೋ, ಆಟೋದವನೊಂದಿಗಿನ ಜಗಳ, ಎಲ್ಲವೂ ನನ್ನ ಖಾತೆ. ಆದರೆ ಮದುವೆಯಾದ ಲಾಗಾಯ್ತು ನಾನು ಅವರಿಗೆ 'ಮೇಷ್ಟ್ರು'. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನಾದ್ದರಿಂದ ಅದರಲ್ಲಿ ತಪ್ಪೇನೂ ಇಲ್ಲ. ಪ್ರಭುದಾಸ ಮಾತ್ರ ಬಸ್ಸಿಳಿದು ಬಾಗಿಲಲ್ಲಿ ಕೆಮ್ಮಿದರೆ ಸಾಕು, "ಬಂದ್ಯಾ ಮಗ?" ಎಂದು ಹಾಸಿಗೆಯಿಂದಲೇ ಕೈ ಚಾಚುತ್ತಾರೆ. ಅರಿಷಡ್ವರ್ಗದಲ್ಲಿ ಕಟ್ಟಕಡೆಯದು ಮಾತ್ಸರ್ಯ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದ ಕಾಲದಲ್ಲಿ, ಅದು ನನ್ನ ಪಾಲಿಗೆ ಷಡ್ಡಕನ ವೇಷದಲ್ಲಿ, ಕೈಯಲ್ಲಿ ಬಾಳೆಹಣ್ಣಿನ ಚೀಲ ಹಿಡಿದು, ಪಾವಗಡದ ಬಸ್ಸಿನಿಂದ ಇಳಿಯುತ್ತದೆಂದು ನನಗೆ ತಿಳಿದಿರಲಿಲ್ಲ.

ತೊಡೆಯಾದರೂ ಹೋಗಲಿ. ಈಚೆಗೆ ಸಕ್ಕರೆ ಕಾಯಿಲೆ ಅತ್ತೆಯವರ ಎರಡೂ ಕಣ್ಣನ್ನು ತೆಗೆದುಕೊಂಡಿತು. ದಿನಾ ಸಂಜೆ ಬೈಬಲ್ ಓದದೆ ತುತ್ತು ಮುಟ್ಟದ ಹೆಂಗಸು. ಕಣ್ಣು ಹೋದದ್ದಕ್ಕಿಂತ ಓದು ಹೋದದ್ದಕ್ಕೇ ಹೆಚ್ಚು ಅತ್ತರು. ಅವರಿಗೆ ಓದಿ ಹೇಳುವ ಕೆಲಸ ಸಹಜವಾಗಿಯೇ ನನಗೆ ಬಂತು, ನಾನೂ ಉತ್ಸಾಹದಿಂದಲೇ ಒಪ್ಪಿಕೊಂಡೆ. ನಮ್ಮದು ಅಜ್ಜನ ಕಾಲದಿಂದ ಕ್ರೈಸ್ತ ಮನೆ, ನನಗೋ ಕನ್ನಡ ಕರತಲಾಮಲಕ; ಇನ್ನೇನು ಬೇಕು? ಆದರೆ ಓದಲು ಕೂತಾಗ ಒಂದು ಮುಜುಗರದ ಸಂಗತಿ ಬಯಲಾಯಿತು. ಇಷ್ಟು ವರ್ಷ ನಾನು ಬೈಬಲನ್ನು ಕೇಳಿದ್ದೆ, ಹೊತ್ತುಕೊಂಡು ಚರ್ಚಿಗೆ ಹೋಗಿದ್ದೆ, ಮಳೆ ಬಂದಾಗ ಅಂಗಿಯೊಳಗೆ ಬಚ್ಚಿಟ್ಟು ಕಾಪಾಡಿದ್ದೆ. ನನ್ನಷ್ಟಕ್ಕೆ ನಾನು ಕೂತು ಓದಿರಲಿಲ್ಲ. ಈಗ ಓದತೊಡಗಿದೆ, ಅಲ್ಪಪ್ರಾಣ ಮಹಾಪ್ರಾಣಗಳನ್ನು ಬೇರೆಬೇರೆಯಾಗಿ ತೊಳೆದಿಟ್ಟು, ಅಲ್ಪವಿರಾಮಕ್ಕೆ ನಿಂತು, ಪೂರ್ಣವಿರಾಮಕ್ಕೆ ಉಸಿರೆಳೆದು. ಅತ್ತೆಯವರು ಎರಡನೆಯ ಪೂರ್ಣವಿರಾಮದ ಹೊತ್ತಿಗೆ ಗೊರಕೆಗೆ ತೊಡಗುತ್ತಿದ್ದರು. ಎಚ್ಚರವಾದ ದಿನ, "ಸಾಕು ಬುಡಿ ಮೇಷ್ಟ್ರೇ, ನಿಮ್ಗೂ ಸುಸ್ತಾಗೈತೆ" ಎನ್ನುತ್ತಿದ್ದರು. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಅದೇ ಪ್ರಭುದಾಸ ಓದಿದರೆ ಆಕೆ ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ಕೂರುತ್ತಾರೆ. ಅವನಿಗೆ ಪಾವಗಡದಲ್ಲಿ ಸೀರೆ ಅಂಗಡಿ. ಒಂದೊಂದು ವಾಕ್ಯವನ್ನೂ ಅವನು ಗಿರಾಕಿಯ ಮುಂದೆ ಸೆರಗು ಬಿಚ್ಚಿ ಹರಡಿದ ಹಾಗೆ ಹರಡುತ್ತಾನೆ. ಅವನ ಬೈಬಲಿನಲ್ಲಿ ವಾಗ್ದಾನಗಳಿಗೆ ಹಸಿರು, ಆಜ್ಞೆಗಳಿಗೆ ನೀಲಿ, ಎಚ್ಚರಿಕೆಗಳಿಗೆ ಕೆಂಪು ಎಂದು ಬಣ್ಣದ ಪೆನ್ಸಿಲಿನ ಅಚ್ಚುಕಟ್ಟಾದ ಗೆರೆಗಳಿವೆ. "ಚೂಡು ಅಣ್ಣಯ್ಯ, ಮೊದಲು ಕಲರ್ ಕಣ್ಣಿಗೆ ಬೀಳ್ತದೆ, ಆಮೇಲೆ ಅರ್ಥ ತಾನೇ ಬರ್ತದೆ" ಎಂದು ನನಗೆ ಉಪದೇಶವನ್ನೂ ಮಾಡಿದ. ಪಾಠ ಹೇಳುವ ಹಕ್ಕನ್ನು ಜೀವಮಾನವಿಡೀ ನನ್ನದೇ ಎಂದುಕೊಂಡಿದ್ದ ನಾನು ತಲೆಯಾಡಿಸಿದೆ.

ಓದುಗ ಮಹಾಶಯರೇ, ನನಗೆ ಬೇಕಾಗಿದ್ದದ್ದು ಇಷ್ಟೇ: ಒಂದು ಸಂಜೆ, ಒಂದೇ ಒಂದು ಸಂಜೆ, ಆಕೆ ನನ್ನ ಓದಿಗೆ ಎಚ್ಚರವಾಗಿದ್ದು, ಮುಂದೇನಾಯಿತು ಎಂದು ಕೇಳಬೇಕು. ಅದಕ್ಕಾಗಿ ಶತ್ರುವಿನ ಆಯುಧವನ್ನೇ ಹಿಡಿಯಲು ನಿಶ್ಚಯಿಸಿದೆ. ಬಣ್ಣದ ಪೆನ್ಸಿಲನ್ನು ಮಧುಗಿರಿಯಲ್ಲಿ ಕೊಂಡರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆಂದು ಸಿರಾಕ್ಕೆ ಬಸ್ ಹತ್ತಿ ಹೋದೆ. ಅಲ್ಲಿ ಸ್ಟೇಷನರಿ ಅಂಗಡಿಯ ಗಲ್ಲಾದಲ್ಲಿ ಕೂತಿದ್ದವನು ನನ್ನ ಹಳೆಯ ವಿದ್ಯಾರ್ಥಿ ಇಮ್ತಿಯಾಜ್! "ಅರೆ, ಮೇಷ್ಟ್ರೇ! ಮೊಮ್ಮಕ್ಕಳು ಬಂದವ್ರಾ?" ಎಂದ. ನನ್ನ ಬಾಯಿಂದ ಹೌದೆಂಬ ಸುಳ್ಳು ನಿರಾಯಾಸವಾಗಿ ಹೊರಟಿತು. "ಬಚ್ಚಾಗೆ ಇದು ನನ್ ಕಡೆಯಿಂದ, ಬ್ಯಾಡ ಅನ್ಬ್ಯಾಡಿ" ಎಂದು ಬಾತುಕೋಳಿಯ ಆಕಾರದ ಮೆಂಡರ್ ಒಂದನ್ನು ಪುಕ್ಕಟೆಯಾಗಿ ಪೊಟ್ಟಣಕ್ಕೆ ಸೇರಿಸಿದ. ದೇವರ ವಾಕ್ಯವನ್ನು ಅಭ್ಯಸಿಸಲೆಂದು ನಾನು ಆ ಬಾತುಕೋಳಿಯ ಬಾಯಲ್ಲಿ ಪೆನ್ಸಿಲಿಟ್ಟು ಹೆರೆಯುತ್ತಿದ್ದುದನ್ನು ಸುಗುಣ ನೋಡಿಯೂ ಏನೂ ಕೇಳಲಿಲ್ಲ. ಅದು ಅವಳ ದೊಡ್ಡ ಗುಣ.

ಬಣ್ಣ ನನಗೆ ಒಲಿಯಲಿಲ್ಲ. ಒಂದೇ ಸಾಲಿನಲ್ಲಿ ಆಜ್ಞೆಯೂ ಎಚ್ಚರಿಕೆಯೂ ಒಟ್ಟಿಗೆ ಬಂದಾಗ ನೀಲಿಯ ಮೇಲೆ ಕೆಂಪು ಬಳಿದು ಪುಟವೆಲ್ಲ ನೇರಳೆಹಣ್ಣು ತುಳಿದ ಅಂಗಳವಾಯಿತು. ಸಾಲದ್ದಕ್ಕೆ ಕೆಂಪು ಪೆನ್ಸಿಲ್ ಬೆರಳಿಗೆ ಸಿಕ್ಕೊಡನೆ ಪೂರ್ವಾಶ್ರಮದ ವಾಸನೆ ಎದ್ದು, ಲೋಕಸೃಷ್ಟಿಯ ಅಧ್ಯಾಯದ ಅಂಚಿನಲ್ಲಿ 'ವಿವರಣೆ ಸಾಲದು' ಎಂದು ಬರೆದುಬಿಟ್ಟೆ. ಅಳಿಸಲು ಹೋದರೆ ಆ ತೆಳು ಕಾಗದ ಹರಿಯಿತು. ಆಮೇಲೆ ಮೊಬೈಲಿನಲ್ಲಿ ವರ್ಷಕ್ಕೆ ಇಡೀ ಬೈಬಲ್ ಮುಗಿಸುವ ಯೋಜನೆಯೊಂದಕ್ಕೆ ಸೇರಿದೆ. ಹಳೆಯ ಒಡಂಬಡಿಕೆಯ ದೇವಗುಡಾರದ ಅಳತೆ, ಪರದೆಯ ಅಳತೆ, ಕಂಬದ ಅಳತೆಗಳ ನಡುವೆ ಸಿಕ್ಕಿಕೊಂಡು ನಾನು ಹಿಂದೆ ಬೀಳುತ್ತ ಹೋದಂತೆ ಆ ಯಂತ್ರ ಬೆಳಬೆಳಗ್ಗೆಯೇ ಟಿಂಗ್ ಎಂದು ನನ್ನ ಸೋಮಾರಿತನವನ್ನು ಸಾರತೊಡಗಿತು. ದೇವರು ದೀರ್ಘಶಾಂತ, ಮೊಬೈಲು ಅಲ್ಲ. ಎರಡನ್ನೂ ಕೈಬಿಟ್ಟು ಹಳೆಯ ಅಲ್ಪವಿರಾಮ ಪೂರ್ಣವಿರಾಮಗಳಿಗೇ ಮರಳಿದೆ, ಅತ್ತೆಯವರು ಗೊರಕೆಗೆ ಮರಳಿದರು.

ಹೋದ ತಿಂಗಳು ಒಂದು ಮಧ್ಯಾಹ್ನ ನಡುಮನೆಯಲ್ಲಿ ಅತ್ತೆಯವರು ಫೋನಿನಲ್ಲಿ ಮಾತಾಡುತ್ತಿದ್ದರು. ಕಣ್ಣು ಹೋದ ಮೇಲೆ ಅವರ ದನಿ ಜೋರಾಗಿದೆ. ನಾನು ಕದ್ದು ಕೇಳಲಿಲ್ಲ, ಹಿತ್ತಲಲ್ಲಿದ್ದವನಿಗೆ ಅದಾಗಿಯೇ ಕೇಳಿಸಿತು. "ಈ ಭಾನ್ವಾರ ಬಂದ್ಬುಡು ಮಗ. ನೀನ್ ಓದಿದ್ರೆ ಕಿವಿಗೆ ತಂಪು ಕಣ್ಲಾ. ಇಲ್ಲಿ ಮೇಷ್ಟ್ರೂ ಓದ್ತಾರೆ, ಪಾಪ, ಪಾಠ ಒಪ್ಪಿಸ್ದಂಗೆ." ಎಲ್ಲಕ್ಕಿಂತ ನನ್ನನ್ನು ಚುಚ್ಚಿದ್ದು ಆ 'ಪಾಪ'. ನನ್ನ ಎದುರಿಗೆ ಹುಂಜ ನಿಂತಿತ್ತು. ಭಾನುವಾರ ಯಾರಿಗಾಗಿ ತಾನು ಸಾಯಬೇಕೆಂದು ಅದಕ್ಕೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿತ್ತು. ಹೊಟ್ಟೆಯೊಳಗೆ ಒಲೆ ಹೊತ್ತಿಸಿದಂತಾಯಿತು.

ಆ ಸಂಜೆ ಯಾವ ಕ್ರಮವನ್ನೂ ಹಿಡಿಯದೆ, ಸಿಟ್ಟಿನಿಂದಲೇ ಪುಸ್ತಕ ತೆಗೆದೆ. ಇಷ್ಟು ದಪ್ಪ ಗ್ರಂಥದಲ್ಲಿ ನನ್ನಂಥವನು ಒಬ್ಬನಾದರೂ ಇದ್ದಾನೋ ಇಲ್ಲವೋ ನೋಡಿಯೇಬಿಡೋಣ ಎಂದು ಹುಡುಕಿದೆ. ಬಹಳ ದೂರ ಹೋಗಬೇಕಾಗಲಿಲ್ಲ. ಆರಂಭದಲ್ಲೇ ಅಣ್ಣತಮ್ಮಂದಿರಿಬ್ಬರು ದೇವರಿಗೆ ಕಾಣಿಕೆ ತರುತ್ತಾರೆ. ತಮ್ಮನದು ಮೆಚ್ಚುಗೆಯಾಗುತ್ತದೆ, ಅಣ್ಣನದು ಆಗುವುದಿಲ್ಲ. ನಿನ್ನ ಮುಖ ಯಾಕೆ ಬಾಡಿತು ಎಂದು ದೇವರೇ ಅಣ್ಣನನ್ನು ವಿಚಾರಿಸುತ್ತಾನೆ. ಯಾಕೆಂದು ನನಗೆ ಗೊತ್ತಿತ್ತು. ಆ ಸಾಲನ್ನು ಓದುವಾಗ ಅಲ್ಪವಿರಾಮ ಎಲ್ಲಿತ್ತೋ ಕಾಣೆ, ನನ್ನ ದನಿ ನನ್ನ ಮಾತು ಕೇಳದೆ ಏರಿತು, ಒಡೆಯಿತು. ತಮ್ಮನನ್ನು ಕೊಲ್ಲಲೆಂದು ಅಣ್ಣ ಹೊಲಕ್ಕೆ ಕರೆದೊಯ್ಯುವಲ್ಲಿಗೆ ಬಂದು ನಾನೇ ಹೆದರಿ ನಿಲ್ಲಿಸಿದೆ. ಗೊರಕೆಯಿರಲಿಲ್ಲ. ಕತ್ತಲಾದ ಆ ಎರಡು ಕಣ್ಣು ನನ್ನ ಕಡೆಗೇ ತಿರುಗಿದ್ದವು.

"ಆಮ್ಯಾಕೆ?" ಎಂದರು ಅತ್ತೆ.

ಬೈಬಲನ್ನು ಅಭ್ಯಾಸ ಮಾಡುವ ನನ್ನ ಸ್ವಂತ ವಿಧಾನ ಹೀಗೆ ಸಿಕ್ಕಿತು. ಯಾವ ದೇವಶಾಸ್ತ್ರ ಪಂಡಿತರೂ ಇದನ್ನು ಒಪ್ಪಲಾರರು, ನಾನೂ ಯಾರಿಗೂ ಶಿಫಾರಸು ಮಾಡಲಾರೆ: ಹೊಟ್ಟೆ ಎಲ್ಲಿ ಉರಿಯುತ್ತದೋ ಅಲ್ಲಿ ಓದುವುದು. ನೋಡುತ್ತ ಹೋದರೆ ನನ್ನ ಬಳಗ ಅಲ್ಲಿ ತುಂಬಿ ತುಳುಕುತ್ತಿತ್ತು. ಅಪ್ಪ ಒಬ್ಬ ಮಗನಿಗೆ ಮಾತ್ರ ಚಂದದ ಅಂಗಿ ಹೊಲಿಸಿಕೊಟ್ಟನೆಂದು ಅವನನ್ನು ಹಳ್ಳಕ್ಕೆ ನೂಕುವ ಅಣ್ಣಂದಿರು. ಬೀದಿಯ ಹೆಂಗಸರು ಕುರಿಕಾಯುವ ಹುಡುಗನನ್ನು ತನಗಿಂತ ಹೆಚ್ಚಾಗಿ ಹೊಗಳಿ ಹಾಡಿದ್ದನ್ನು ಕೇಳಿ ನಿದ್ದೆಗೆಟ್ಟ ರಾಜ. ಮನೆಗೆ ಬಂದ ಗುರುವಿನ ಪಾದದ ಬಳಿ ತಂಗಿ ಆರಾಮವಾಗಿ ಕೂತಿರುವಾಗ ಒಲೆಯ ಮುಂದೆ ಒಬ್ಬಳೇ ಬೇಯುವ ಅಕ್ಕ. ಇವರನ್ನೆಲ್ಲ ಬರೆದವರು ಇವರ ಹೊಟ್ಟೆಕಿಚ್ಚನ್ನು ಮುಚ್ಚಿಡಲಿಲ್ಲವಲ್ಲ ಎಂಬುದೇ ನನಗೆ ದೊಡ್ಡ ಉಪಕಾರವಾಗಿ ಕಂಡಿತು. ಅತ್ತೆಯವರೂ ಹುರುಪಾದರು, ಪಾತ್ರಗಳೊಂದಿಗೆ ಜಗಳಕ್ಕೇ ಇಳಿದರು. ಒಲೆಯ ಮುಂದಿನ ಅಕ್ಕನ ಪರವಾಗಿ ಆಕೆ ಮಾಡಿದ ವಾದ ಇದು: "ಇವ್ಳೂ ಹೋಗಿ ಕೂತ್ಕಂಡಿದ್ರೆ ಬಂದೋರ್ಗೆ ಹಿಟ್ಟು ಯಾರ್ ಬೇಯ್ಸೋರು?" ಅಡುಗೆಮನೆಯಿಂದ ಸುಗುಣ "ಅಂಗೇಳಮ್ಮ!" ಎಂದು ಪಾತ್ರೆ ಕುಕ್ಕಿದಳು.

ಶನಿವಾರ, ನಾನು ಆ ವಾರವೆಲ್ಲ ಸುತ್ತಿ ಬಳಸಿ ದೂರವಿಟ್ಟಿದ್ದ ಕತೆಗೆ ಬಂದೆ. ಆಸ್ತಿ ಕಳೆದು ಮನೆಗೆ ಬಂದ ಕಿರಿಯ ಮಗನಿಗಾಗಿ ತಂದೆ ಕೊಬ್ಬಿಸಿದ ಕರುವನ್ನು ಕೊಯ್ಯಿಸುತ್ತಾನೆ. ಹೊಲದಿಂದ ಬಂದ ಹಿರಿಯ ಮಗ ಒಳಗಿನ ಗಾನ ಕುಣಿತಗಳನ್ನು ಕೇಳಿ ಹೊರಗೇ ನಿಲ್ಲುತ್ತಾನೆ. ಇಷ್ಟು ವರ್ಷ ಇಲ್ಲೇ ಇದ್ದು ದುಡಿದ ನನಗೆ ಒಂದು ಆಡಿನ ಮರಿಯನ್ನಾದರೂ ಕೊಟ್ಟೆಯಾ ಎಂದು ಕೇಳುತ್ತಾನೆ. ತಂದೆಯೇ ಎದ್ದು ಹೊರಗೆ ಬಂದು ಅವನನ್ನು ಬೇಡಿಕೊಳ್ಳುತ್ತಾನೆ. ಪ್ರಭುದಾಸ ಆಸ್ತಿ ಹಾಳು ಮಾಡಿದವನಲ್ಲ, ಕುಡಿಯುವವನಲ್ಲ, ಯಾರಿಗೂ ಕೆಟ್ಟದ್ದು ಮಾಡಿದವನಲ್ಲ. ಅದೇ ನನ್ನ ಸಂಕಟ. ಏನಾದರೂ ಕೆಟ್ಟದ್ದು ಮಾಡಿದ್ದರೆ ಕ್ಷಮಿಸಿ ನಾನಾದರೂ ದೊಡ್ಡವನಾಗುತ್ತಿದ್ದೆ.

"ಅವ್ನು ಒಳೀಕ್ಕೋದ್ನಾ?" ಅತ್ತೆ ಕೇಳಿದರು.

ನಾನು ಮುಂದಿನ ಪುಟ ತಿರುಗಿಸಿ ನೋಡಿದೆ. "ಬರೆದಿಲ್ಲ" ಎಂದೆ.

"ಇದೆಂಥ ಕತೆ, ಅರ್ಧಕ್ಕೇ ಬುಟ್ಟವ್ರೆ" ಎಂದು ಆಕೆ ಗೊಣಗಿದರು. ನನಗೆ ಒಳಗೊಳಗೇ ಹಿಗ್ಗು. ನಾಳೆ ಪ್ರಭುದಾಸನ ಎದುರಿಗೆ, 'ಇವತ್ತು ಮೇಷ್ಟ್ರು ಓದ್ಲಿ' ಎಂದು ಆಕೆ ಹೇಳಿಯೇ ಹೇಳುತ್ತಾರೆಂದು ನಿದ್ದೆ ಬರುವವರೆಗೂ ಊಹಿಸಿಕೊಂಡೆ.

ಹೇಳಲಿಲ್ಲ. ಭಾನುವಾರ ಪ್ರಭುದಾಸ ಬಂದ, ಬಾಳೆಹಣ್ಣು ಕೊಟ್ಟ, ಅತ್ತೆಯವರ ಪಕ್ಕದಲ್ಲಿ ಕೂತ. ನಾನು ಕನ್ನಡಕ ಒರೆಸಿಕೊಂಡು ಸಿದ್ಧನಾಗಿದ್ದೆ. "ಓದು ಮಗ" ಎಂದರು ಅತ್ತೆ, ಅವನಿಗೆ. ಅವನು ಹಸಿರು ಗೆರೆಯೊಂದನ್ನು ಆರಿಸಿಕೊಂಡು ಎಂದಿನ ಹಾಗೆ ವಾಕ್ಯದ ಸೀರೆ ಬಿಚ್ಚತೊಡಗಿದ. ನಾನು ನನ್ನ ಬೈಬಲ್ ಎತ್ತಿಕೊಂಡು ಸದ್ದಿಲ್ಲದೆ ಎದ್ದು ಬಂದು ಜಗುಲಿಯ ಮೇಲೆ ಕೂತೆ. ಎದುರಿಗೆ ಬೆಟ್ಟ ಬಿಸಿಲಿಗೆ ಕಾದು ಕೂತಿತ್ತು. ಒಳಗೆ ಓದು ಮುಗಿದು ನಗು ಎದ್ದಿತು, ಅದರ ಹಿಂದೆಯೇ ಸಾರಿನ ಘಮ. ಸುಗುಣ ಊಟಕ್ಕೆ ಕೂಗಿದಳು. ಹಸಿವಿಲ್ಲ ಎಂದೆ. ಪ್ರಭುದಾಸನೇ ಬಾಗಿಲಿಗೆ ಬಂದು "ರಾ ಅಣ್ಣಯ್ಯ, ನೀವಿಲ್ದೆ ಹೆಂಗೆ?" ಎಂದ. ಪುಟದಿಂದ ತಲೆಯೆತ್ತದೆ, ಓದುತ್ತಿದ್ದೇನೆ ಎಂದೆ. ಅರವತ್ತು ದಾಟಿದ ಮನುಷ್ಯ ಹೀಗೆ ಮುನಿಸಿಕೊಂಡು ಕೂತದ್ದಕ್ಕೆ ನನಗೇ ನಾಚಿಕೆಯಾಗುತ್ತಿತ್ತು. ಆದರೆ ನಾಚಿಕೆಯೊಂದರಿಂದಲೇ ಎದ್ದು ಒಳಗೆ ಹೋಗಲಾಗುವುದಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಗೋಡೆಗೆ ಕೈ ಸವರುವ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಅತ್ತೆ. ಕಣ್ಣು ಹೋದಮೇಲೆ ಯಾರಾದರೂ ಕೈ ಹಿಡಿಯದೆ ಬಚ್ಚಲಿಗೂ ಹೋಗದ ಹೆಂಗಸು, ಒಬ್ಬರೇ, ಗೋಡೆಯನ್ನು ತಡವುತ್ತ, ಬಾಗಿಲವಾಡ ಹಿಡಿದು, ಹೊಸ್ತಿಲಿನಾಚೆ ಕಾಲು ಚಾಚಿ ನೆಲ ಹುಡುಕುತ್ತಿದ್ದರು. ನಾನು ಧಡಕ್ಕನೆ ಎದ್ದು ಹೋಗಿ ತೋಳು ಹಿಡಿದೆ. ಆಕೆ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು, "ಬಾ ಮಗ, ಸಾರು ಆರೋಯ್ತೈತೆ" ಎಂದರು.

ಕೇಳಿ, ನನ್ನ ಮನಸ್ಸಿನ ಯೋಗ್ಯತೆಯನ್ನು. ಆ ಗಳಿಗೆಯಲ್ಲೂ ಅದು, ಮುದುಕಿ ನನ್ನನ್ನು ಪ್ರಭುದಾಸನೆಂದು ತಿಳಿದಿರಬಹುದೇ ಎಂದು ಅನುಮಾನಿಸಿತು. ಅಷ್ಟರಲ್ಲಿ ನಡುಮನೆಯಿಂದ ಪ್ರಭುದಾಸ ನೀರು ಕೇಳಿದ ದನಿ ಬಂತು. ಅದು ನನಗೆ ಕೇಳಿಸಿದಂತೆ ಅವರಿಗೂ ಕೇಳಿಸಿತು, ಆದರೂ ಹಿಡಿದ ಮಣಿಕಟ್ಟನ್ನು ಬಿಡಲಿಲ್ಲ. ಬರೆದಿಲ್ಲ ಎಂದಿದ್ದೆನಲ್ಲ, ಆ ಹಿರಿಯ ಮಗ ಏನು ಮಾಡಿದನೋ ನನಗೆ ಈಗಲೂ ತಿಳಿಯದು. ಕರೆಯಲು ಹೊರಗೆ ಬಂದವರನ್ನು ಹೊಸ್ತಿಲಿನ ಮೇಲೆ ನಿಲ್ಲಿಸಿಕೊಂಡಿರಲು ನನ್ನಿಂದ ಆಗಲಿಲ್ಲ. ಅವರನ್ನು ನಡೆಸಿಕೊಂಡು ಒಳಗೆ ಹೋದೆ.

ಸೌಟು ಪಾತ್ರೆಗೆ ಇಳಿಯಿತು. ನಾನು ನೋಡುತ್ತಿದ್ದೆ, ನೋಡುವುದನ್ನು ಬಿಟ್ಟಿದ್ದೇನೆಂದು ನಿಮಗೆ ಸುಳ್ಳು ಹೇಳಲಾರೆ. ತೊಡೆ ಮೇಲೆದ್ದು ಪ್ರಭುದಾಸನ ಕಡೆಗೇ ತಿರುಗಿತು, ಅವನು "ವದ್ದು, ವದ್ದು" ಎಂದ, ಎರಡನೆಯದೂ ಅಲ್ಲಿಗೇ ಬಿತ್ತು. ಹೊಟ್ಟೆ ಉರಿಯಿತು. ನನಗೆ ಬಂದದ್ದು ಕುತ್ತಿಗೆ. ಪಕ್ಕದಲ್ಲೇ ಕೂತ ಅತ್ತೆಯವರ ಎಡಗೈ ಈಗ ಮಣಿಕಟ್ಟು ಬಿಟ್ಟು ನನ್ನ ಮೊಣಕಾಲಿನ ಮೇಲಿತ್ತು. ನಾನು ಮುದ್ದೆ ಮುರಿದು ಸಾರಿನಲ್ಲಿ ಅದ್ದಿದೆ, ಇನ್ನೂ ಬಿಸಿಯಾಗಿತ್ತು.