ಹುಳದ ಮನೆಯ ಬಿಸಿ

ನಾನಿರುವ ಮನೆಯಲ್ಲಿ ಬೆಚ್ಚಗಿರುವ ಕೋಣೆ ಒಂದೇ. ಅದು ಮನುಷ್ಯರದ್ದಲ್ಲ, ರೇಷ್ಮೆಹುಳುಗಳದ್ದು. ಮಂಜಿನಲ್ಲಿ ಎದುರುಮನೆಯೂ ಕಾಣದ ಬೆಳಗಿನಲ್ಲಿ ಹುಳುಗಳ ಪಕ್ಕ ಇದ್ದಿಲಿನ ಒಲೆ ಇರುತ್ತದೆ. ಮನೆಯವರು ಕಂಬಳಿ ಹೊದ್ದು ನಡುಗುತ್ತಾರೆ.

ರಾಯಚೂರಿನ ನಮಗೆ ಚಳಿಯೆಂದರೆ ಬಿಸಿಲಿನಿಂದ ಸಿಗುವ ಬಿಡುವು. ಶಿಡ್ಲಘಟ್ಟದ ಹತ್ತಿರದ ಈ ಹಳ್ಳಿಯ ಹೈಸ್ಕೂಲಿಗೆ ಗಣಿತ ಕಲಿಸಲು ಬಂದ ಮೇಲೆ ಅದು ನನ್ನ ಕೀಲುಗಳಿಗೆ ಇಳಿಯಿತು. ಕಾಲೇಜಿನ ದಿನಗಳಿಂದ ಇದ್ದ ನೋವು ಬೆರಳುಗಳನ್ನು ಹಿಡಿದುಬಿಟ್ಟಿತು. ದಿನದ ಮೊದಲ ತರಗತಿಯಲ್ಲಿ ಸೀಮೆಸುಣ್ಣ ಕೈಯಿಂದ ಜಾರುತ್ತಿತ್ತು. ವೈದ್ಯರ ಮಾತ್ರೆ ನುಂಗುತ್ತಲೇ, ಸಂಕ್ರಾಂತಿಗೆ ಊರಿಗೆ ಹೋದರೆ ಕೆಲಸ ಬಿಟ್ಟೇಬಿಡುವುದೆಂದು ನಿಶ್ಚಯಿಸಿದ್ದೆ. ಯಾರಿಗೂ ಹೇಳಿರಲಿಲ್ಲ.

ಮನೆಯೊಡತಿ ವೆಂಕಟಮ್ಮನವರಿಗೆ ನೋವನ್ನು ಹೇಳಬೇಕಾಗಲಿಲ್ಲ. ನಾನು ಎರಡೂ ಅಂಗೈಗಳ ನಡುವೆ ಲೋಟ ಹಿಡಿಯುವುದನ್ನು ನೋಡಿ, “ಹುಳದ ಮನೇಲಿ ಬಂದು ಕೂತ್ಕಳಮ್ಮ, ಬೆಚ್ಚಗಿರ್ತೈತೆ” ಎಂದರು. ಹೊರಗಿನವರನ್ನು ಅಲ್ಲಿಗೆ ಬಿಡುವುದಿಲ್ಲವೆಂದು ಗೊತ್ತಿತ್ತು. ಸಂತೋಷದಲ್ಲಿ, ನೋವು ಇನ್ನಷ್ಟು ಇಳಿಯಲೆಂದು, ಅವ್ವ ಕಳಿಸಿದ್ದ ಮುಲಾಮನ್ನು ಬೆರಳಿಗೂ ಮೊಣಕಾಲಿಗೂ ತಿಕ್ಕಿಕೊಂಡು ಹೋದೆ.

ಬಾಗಿಲಲ್ಲೇ ಕೂಗು. “ಅಯ್ಯೋ ದೇವುಡಾ! ಏನ್ ಬಳ್ಕೊಂಡ್ ಬಂದೆ ತಾಯಿ? ಘಾಟಿಗೆ ಹುಳ ಮೇವು ಬಿಡ್ತಾವೆ! ಆಚೆ, ಆಚೆ!”

ಹುಳುಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಪೊರೆ ಬಿಡುವುದನ್ನು ಇಲ್ಲಿ ಜ್ವರ ಎನ್ನುತ್ತಾರೆ. ಇನ್ನು ಗೂಡು ಕಟ್ಟುವವರೆಗೆ ಮೇಯುವುದೊಂದೇ ಅವುಗಳ ಕೆಲಸ. ಮನೆಯ ಇಡೀ ಬೆಳೆ ಹುಳುಗಳ ಆ ತಟ್ಟೆಗಳಲ್ಲಿತ್ತು. ಇನ್ನೊಮ್ಮೆ ಕರೆಯಲಾರರು ಎಂದುಕೊಂಡು ಅಂಗಳದಲ್ಲಿ ನಿಂತೆ.

ವೆಂಕಟಮ್ಮ ಬಿಸಿನೀರು, ಸೀಗೆಪುಡಿ ತಂದಿಟ್ಟರು. “ತೊಳ್ಕೊಂಡ್ ಬಾ. ಸೀರೇನೂ ಬದಲಾಯ್ಸು. ನಿಮ್ ರಾಯಚೂರಲ್ಲಿ ಹುಳಕ್ಕೆ ಮೂಗಿಲ್ವೇನಮ್ಮ?” ಎಂದು ನಕ್ಕರು.

ಅಂದಿನಿಂದ ಮುಲಾಮಿನ ಡಬ್ಬಿ ತೆರೆದಿಲ್ಲ. ಬೆಳಗ್ಗೆ ಕೈಕಾಲು ತೊಳೆದು ಒಲೆಯ ಬಳಿ ಕೂರುತ್ತೇನೆ. ಹುಳುಗಳು ಸೊಪ್ಪು ಮೇಯುವ ಸದ್ದು, ಪರೀಕ್ಷೆಯ ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಬರೆಯುವ ಸದ್ದಿನಂತಿರುತ್ತದೆ. ಶಾಲೆಯ ಹೊತ್ತಿಗೆ ಬೆರಳುಗಳು ಸೀಮೆಸುಣ್ಣ ಹಿಡಿಯುವಷ್ಟು ಸಡಿಲವಾಗುತ್ತವೆ. ನೋವು ಹೋಗಿಲ್ಲ. ಆದರೆ ಅದಕ್ಕೂ ಕೂರಲು ಒಂದು ಜಾಗ ಸಿಕ್ಕಿದೆ.

ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಕೆಲಸ ಬಿಡುವ ಮಾತು ಎತ್ತಲೇ ಇಲ್ಲ. ಅವ್ವ ಮುಲಾಮು ತೆರೆದು, “ಕಾಲು ಚಾಚವ್ವ, ಹಚ್ತೀನಿ” ಎಂದಳು.

ಥಟ್ಟನೆ ಕಾಲು ಎಳೆದುಕೊಂಡೆ. “ಬ್ಯಾಡವ್ವಾ, ಹುಳಕ್ಕ ಆಗಂಗಿಲ್ಲ.”

“ಯಾವ ಹುಳ?” ಅವ್ವ ಗಾಬರಿಯಿಂದ ನೆಲವನ್ನೆಲ್ಲ ನೋಡಿದಳು.

ನಾನು ಕಾಲು ಚಾಚಿದೆ. ಅವಳು ಹಚ್ಚಿದಷ್ಟೂ ಹಚ್ಚಿಸಿಕೊಂಡೆ. ಬಸ್ಸು ಹತ್ತುವ ಮೊದಲು ಬಚ್ಚಲಿಗೆ ಹೋಗಿ, ಅವಳಿಗೆ ಕಾಣದಂತೆ, ಸೀಗೆಪುಡಿ ಹಾಕಿ ತೊಳೆದುಕೊಂಡೆ.